ಜೇನು ಬಾಟಲಿ, ಕಾಫಿಪುಡಿ ಪೊಟ್ಟಣ, ಸೋಪು: ಲೇಬಲ್ ಮಾಡುವವರಿಗೆ ಟಿಪ್ಪಣಿ

ಫಾಂಟು, ಬಣ್ಣ ಆಮೇಲೆ. ಮೊದಲು ಅಳತೆಪಟ್ಟಿ ಹಿಡಿಯಿರಿ. ಸಸ್ಯಾಹಾರದ ಗುರುತಾದ ಹಸಿರು ಚುಕ್ಕೆ ಎಷ್ಟು ದೊಡ್ಡದಿರಬೇಕು ಅನ್ನುವುದು 'ಪ್ರಿನ್ಸಿಪಲ್ ಡಿಸ್‌ಪ್ಲೇ ಪ್ಯಾನೆಲ್', ಅಂದರೆ ಗಿರಾಕಿಗೆ ಎದುರಾಗುವ ಮುಂಭಾಗದ ವಿಸ್ತೀರ್ಣದ ಮೇಲೆ ನಿಂತಿದೆ. ಚೌಕದ ಡಬ್ಬಿಗೆ ಅತಿ ದೊಡ್ಡ ಮುಖದ ಎತ್ತರ × ಅಗಲದ 40%, ದುಂಡು ಬಾಟಲಿಗೆ ಎತ್ತರ × ಸುತ್ತಳತೆಯ 20%. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಸಾಲಾಗಿ ಕೂರುವಂಥ ಜೇನಿನ ಬಾಟಲಿಯನ್ನೇ ತೆಗೆದುಕೊಳ್ಳಿ. ಎತ್ತರ 11 ಸೆಂ.ಮೀ., ಸುತ್ತಳತೆ 20 ಸೆಂ.ಮೀ. ಇದ್ದರೆ ಗುಣಲಬ್ಧ 220, ಅದರ 20% ಅಂದರೆ 44 ಚದರ ಸೆಂ.ಮೀ. 100 ಚದರ ಸೆಂ.ಮೀ. ಒಳಗಿರುವುದರಿಂದ ಚುಕ್ಕೆಯ ವ್ಯಾಸ ಕನಿಷ್ಠ 3 ಮಿ.ಮೀ., ಸುತ್ತಲ ಚೌಕ ಅದರ ಎರಡರಷ್ಟು, 6 ಮಿ.ಮೀ. 100ರಿಂದ 500ರವರೆಗೆ ಚುಕ್ಕೆ 4 ಮಿ.ಮೀ. ಆಗುತ್ತದೆ.

ಜೇನು ಹುಳದಿಂದ ಬಂದದ್ದಲ್ಲವೇ, ಹಸಿರು ಚುಕ್ಕೆ ಹೇಗೆ? ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು, ಜೇನು, ಜೇನುಮೇಣವನ್ನು ಹೊರಗಿಟ್ಟಿದ್ದಾರೆ, ಹಸಿರೇ ಸರಿ. ಮೊಟ್ಟೆ ಬಿದ್ದ ಕೇಕಿಗೆ ಮಾತ್ರ ಕಂದು ಗುರುತು, ಅದೂ ಈಗ ಚುಕ್ಕೆಯಲ್ಲ, ತ್ರಿಕೋನ. ಹಳೆಯ ಫೈಲಿನಿಂದ ಕಾಪಿ ಮಾಡುವವರು ಇಲ್ಲೇ ಎಡವುವುದು.

ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮ ಕೇಳುವುದು: ಆಹಾರದ ಹೆಸರು, ಪದಾರ್ಥಗಳ ಪಟ್ಟಿ, ಪೋಷಕಾಂಶ (ಇಡೀ ಕಾಫಿಬೀಜ, ಕಾಫಿಪುಡಿ, ಮಸಾಲೆಯಂಥ ಕೆಲವಕ್ಕೆ ವಿನಾಯಿತಿ), ಅಲರ್ಜಿ ಸೂಚನೆ, ತಯಾರಕರ ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೋ ಜೊತೆ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಬ್ಯಾಚ್, ತಯಾರಿಕೆ ಮತ್ತು ಎಕ್ಸ್‌ಪೈರಿ ದಿನಾಂಕ. 'ಬೆಸ್ಟ್ ಬಿಫೋರ್' ಒಂದನ್ನೇ ಹಾಕಿದರೆ ಸಾಲದು. ಅದು ಬೇಕಿದ್ದರೆ ಹಾಕುವ ಹೆಚ್ಚುವರಿ ಸಾಲು. 14 ಅಂಕಿಯಲ್ಲಿ ಮೊದಲನೆಯದು 1 ಇದ್ದರೆ ಲೈಸೆನ್ಸ್, 2 ಇದ್ದರೆ ನೋಂದಣಿ. ನೋಂದಣಿಯವರು 'ಲೈಸೆನ್ಸ್ ನಂಬರ್' ಅಂತ ಅಚ್ಚು ಹಾಕಿಸುವುದು ತಪ್ಪು.

ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರಬೇಕು. ಹೋಮ್‌ಮೇಡ್ ಚಾಕೊಲೇಟಿನಲ್ಲಿ ಸಕ್ಕರೆಯೇ ಹೆಚ್ಚಿದ್ದರೆ ಸಕ್ಕರೆಯೇ ಮೊದಲು, ಕೋಕೋ ಮುಂದೆ ಬರುವ ಹಾಗಿಲ್ಲ. ಸೋಯಾ ಲೆಸಿಥಿನ್ ಇದ್ದರೆ 'ಎಮಲ್ಸಿಫೈಯರ್ (322)' ಎಂದು ವರ್ಗದ ಹೆಸರಿನೊಂದಿಗೇ ಬರೆಯಿರಿ; ಕೆಳಗೆ ಹಾಲು, ಸೋಯಾ, ಗೋಡಂಬಿಯನ್ನು ಅಲರ್ಜಿ ಸಾಲಿನಲ್ಲಿ ಬೇರೆಯಾಗಿ ಹೇಳಿ. ಚಿಕೋರಿ ಬೆರೆತ ಕಾಫಿಪುಡಿಗೆ ಕಾಫಿ ಕನಿಷ್ಠ 51%, ಮತ್ತು ಎರಡರ ಶೇಕಡಾವಾರು ಮುಂಭಾಗದಲ್ಲೇ. 'ಕೂರ್ಗ್ ಫಿಲ್ಟರ್ ಕಾಫಿ' ಎಂದು ದೊಡ್ಡದಾಗಿ ಬರೆದು ಚಿಕೋರಿಯನ್ನು ಹಿಂಬದಿಗೆ ತಳ್ಳುವುದು ಕಣ್ಣಿಗೆ ಚೆಂದ, ನಿಯಮಕ್ಕೆ ಒಪ್ಪದು. ಕೂರ್ಗ್ ಅರೇಬಿಕಾ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಪಡೆದ ಹೆಸರು. ಅದರ ಲೋಗೋ ಬೇಕೆಂದರೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು.

ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ-ಅಳತೆಯ ನಿಯಮಗಳ ಪಾಲು ಬೇರೆ: ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರು ದೂರು ಹೇಳಲು ಫೋನ್ ಮತ್ತು ಇಮೇಲ್, ಘಟಕ ಬೆಲೆ. 250 ಗ್ರಾಂ ಜೇನಿಗೆ 225 ರೂ. ಇದ್ದರೆ ಗ್ರಾಂಗೆ 0.90 ರೂ. ಒಂದು ಕೆ.ಜಿ. ಮೀರಿದರೆ ಕೆ.ಜಿ. ಲೆಕ್ಕ. ತೂಕದ ಪಕ್ಕ 'ಸುಮಾರು', 'ಕನಿಷ್ಠ' ಬೇಡ. ಇಂಗ್ಲಿಷಿನಲ್ಲಿ ಗ್ರಾಂಗೆ ಸಣ್ಣಕ್ಷರದ ಒಂದೇ 'ಜಿ' ಸಾಕು, 'ಜಿಎಂಎಸ್' ಎಂಬ ಬಾಲ ತಪ್ಪು.

ಕಡ್ಡಾಯ ವಿವರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿರಲೇಬೇಕು. ಅದರ ಜೊತೆಗೆ, ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಂತೆ ಇಲ್ಲಿ ತಯಾರಾದ ವಸ್ತುವಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಬೇಕು. ನಿಜವಾದ ಕಷ್ಟ ಶುರುವಾಗುವುದು ಈ ಕನ್ನಡದ ಅಚ್ಚಿನಲ್ಲೇ.

ಫಾಂಟಿನ ಗಾತ್ರ 8 ಪಾಯಿಂಟ್ ಅಂದರೆ 2.8 ಮಿ.ಮೀ. ಹೌದು, ಆದರೆ ಅದು ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲ ಸೇರಿದ ಜಾಗ. ಮೂಲ ಅಕ್ಷರ ಅದರ ಅರ್ಧದ ಆಸುಪಾಸು. ಹಾಗಾಗಿ ಪಾಯಿಂಟ್ ನಂಬದೆ ಅಚ್ಚಿನ ಮೇಲೆ ಅಳೆಯಿರಿ: ಅಕ್ಷರ 1 ಮಿ.ಮೀ.ಗಿಂತ ಕೆಳಗಿಳಿಯಬಾರದು, ಅಗಲ ಎತ್ತರದ ಮೂರನೇ ಒಂದಕ್ಕಿಂತ ಕಡಿಮೆಯಾಗಬಾರದು. ಜಾಗ ಸಾಲದೆಂದು ಅಕ್ಷರವನ್ನು ಅಡ್ಡಕ್ಕೆ ಹಿಂಡುವವರು ಈ ಎರಡನೆಯದನ್ನು ಮರೆಯುತ್ತಾರೆ. ಸಣ್ಣ ಗಾತ್ರದಲ್ಲಿ ಬೋಲ್ಡ್ ಬೇಡ. 'ಥ'ದ ಒಳಗಿನ ಚುಕ್ಕೆ, 'ಧ'ದ ಬುಡದ ಸೀಳು ಶಾಯಿಯಲ್ಲಿ ಮುಚ್ಚಿ ಎರಡೂ 'ದ' ಆಗಿಬಿಡುತ್ತವೆ. 'ಷ' ಕೂಡ 'ಪ'ದ ಹಾಗೆ ಕಾಣುತ್ತದೆ. 8 ಪಾಯಿಂಟಿಗೆ ಸಾಲಿನ ಅಂತರ 11–12 ಇಡಿ, ಇಲ್ಲವಾದರೆ 'ಉತ್ಪನ್ನ'ದ ಒತ್ತುಗಳು ಕೆಳಸಾಲಿನ 'ಕೀ', 'ಶಿ'ಗಳ ತಲೆಗೆ ತಾಗುತ್ತವೆ. ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಕಂಪೋಸರ್ ಆನ್ ಮಾಡದಿದ್ದರೆ 'ಕ್ಷ' ಒಡೆದು 'ಕ್‌ಷ' ಆಗುತ್ತದೆ. ಪ್ರೆಸ್ಸಿಗೆ ಕಳಿಸುವಾಗ ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ. ನುಡಿ ಫಾಂಟಿನ ಹಳೆಯ ಫೈಲು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ.

ಪಾರದರ್ಶಕ ಸ್ಟಿಕರಿನ ಮೇಲೆ ಕಪ್ಪಕ್ಷರ ಖಾಲಿ ಬಾಟಲಿಯಲ್ಲಿ ಸೊಗಸು, ಜೇನು ತುಂಬಿದ ಮೇಲೆ ಮಾಯ. ಅಕ್ಷರದ ಹಿಂದೆ ಬಿಳಿ ಶಾಯಿಯ ಪಟ್ಟಿ ಹಾಕಿಸಿ.

ಸೋಪು, ಲಿಪ್ ಬಾಮ್‌ಗೆ 2020ರ ಕಾಸ್ಮೆಟಿಕ್ಸ್ ನಿಯಮ. ಇಲ್ಲಿ 1% ಮೀರಿದ ಪದಾರ್ಥಗಳಿಗೆ ಮಾತ್ರ ಇಳಿಕೆ ಕ್ರಮ, ಉಳಿದವು ಹೇಗಾದರೂ ಬರಬಹುದು. 30 ಗ್ರಾಂಗಿಂತ ಕಡಿಮೆಯ ಘನ, 60 ಮಿ.ಲೀ.ಗಿಂತ ಕಡಿಮೆಯ ದ್ರವಕ್ಕೆ ಪಟ್ಟಿಯೇ ಬೇಡ. ತಯಾರಿಕಾ ಲೈಸೆನ್ಸ್, ಬ್ಯಾಚ್, ಬಳಕೆಯ ಕೊನೆಯ ತಿಂಗಳು ಮತ್ತು ವರ್ಷ ಬೇಕು. 'ಮೊಡವೆ ಗುಣಪಡಿಸುತ್ತದೆ' ಎಂದು ಬರೆದರೆ ಕಾಫಿ ಸ್ಕ್ರಬ್ ಕೂಡ ಔಷಧದ ಲೆಕ್ಕಕ್ಕೆ ಬೀಳುತ್ತದೆ.

ಇನ್ನು ಕೊಡಗಿನ ಮಳೆ. ಜೂನ್ ಕಳೆಯುವುದರೊಳಗೆ ಕಾಗದದ ಲೇಬಲ್ಲಿನ ಅಂಚು ಏಳುತ್ತದೆ; ಪಾಲಿಪ್ರೊಪಿಲೀನ್ ಫಿಲ್ಮ್ ತಡೆಯುತ್ತದೆ. ಅದಕ್ಕೆ ಲ್ಯಾಮಿನೇಷನ್ ಮಾಡಿಸುವಾಗ ಬ್ಯಾಚ್ ಮತ್ತು ದಿನಾಂಕಕ್ಕೆ 30 × 12 ಮಿ.ಮೀ. ಜಾಗವನ್ನು ಖಾಲಿ ಬಿಡಿಸಿ. ನುಣುಪಿನ ಮೇಲೆ ಹೊಡೆದ ಇಂಕ್‌ಜೆಟ್ ಶಾಯಿ ಒದ್ದೆ ಬೆರಳು ಸೋಕಿದರೆ ಅಳಿಸಿಹೋಗುತ್ತದೆ, ದಿನಾಂಕ ಇಲ್ಲದ ಬಾಟಲಿ ಮಾರುವಂತಿಲ್ಲ.