ಫೋನ್ ಕೊಳ್ಳುವ ಮೊದಲು ಪರದೆಯನ್ನು ಪರೀಕ್ಷಿಸುವುದು: ಕರಾವಳಿಯವರಿಗೊಂದು ಅಧ್ಯಯನ ಟಿಪ್ಪಣಿ

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳಲ್ಲಿ ಬಹುಪಾಲು ಪ್ರಯೋಗಾಲಯದ ಅನುಕೂಲದಲ್ಲಿ ಅಳೆದವು. ಮಂಗಳೂರು, ಉಡುಪಿಯಲ್ಲಿ ಫೋನು ಬಳಕೆಯಾಗುವುದು ಸೆಕೆಗೆ ಬೆವರಿದ ಕೈಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಮಲ್ಪೆ ಅಥವಾ ಪಣಂಬೂರಿನ ಹೊಯ್ಗೆಯ ಮೇಲೆ ನೆತ್ತಿಬಿಸಿಲಿನಲ್ಲಿ. ಹಾಗಾಗಿ ಪರದೆಯ ಯಾವ ಗುಣಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬ ಲೆಕ್ಕ ಇಲ್ಲಿ ಸ್ವಲ್ಪ ಬೇರೆ. ಪರದೆಯಲ್ಲಿ ಮುಖ್ಯವಾಗಿ ಮೂರು ಪದರ: ಮೇಲೆ ಗಾಜು, ಅದರಡಿ ಸ್ಪರ್ಶವನ್ನು ಗುರುತಿಸುವ ಜಾಲ, ಎಲ್ಲಕ್ಕಿಂತ ಕೆಳಗೆ ಚಿತ್ರ ಮೂಡಿಸುವ ಪ್ಯಾನೆಲ್. ಪ್ರತಿ ಪದರ ಕೆಡುವ ಬಗೆಯೂ ಬೇರೆ ಬೇರೆ.

ಒದ್ದೆ ಕೈಗೆ ಟಚ್ ಯಾಕೆ ತಪ್ಪುತ್ತದೆ

ಈಗಿನ ಸ್ಮಾರ್ಟ್‌ಫೋನುಗಳದ್ದು ಕೆಪ್ಯಾಸಿಟಿವ್ ಟಚ್. ಹಿಂದಿನ ರೆಸಿಸ್ಟಿವ್ ಪರದೆಗೆ ಒತ್ತಡ ಸಾಕಿತ್ತು, ಕಡ್ಡಿಯಿಂದ ಒತ್ತಿದರೂ ನಡೆಯುತ್ತಿತ್ತು. ಕೆಪ್ಯಾಸಿಟಿವ್ ಪರದೆಗೆ ಒತ್ತಡ ಬೇಡ, ವಿದ್ಯುತ್ ಹರಿಯಬಲ್ಲ ಮೈ ಬೇಕು. ಗಾಜಿನಡಿ ಪಾರದರ್ಶಕ ವಾಹಕದ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಹಾದಿರುತ್ತವೆ. ಇದಕ್ಕೆ ಹೆಚ್ಚಾಗಿ ಬಳಸುವುದು ಇಂಡಿಯಂ ಟಿನ್ ಆಕ್ಸೈಡ್. ಅಡ್ಡಗೆರೆಗೆ ಸಂಕೇತ ಕಳಿಸಿ ಉದ್ದಗೆರೆಯಲ್ಲಿ ಎಷ್ಟು ಬಂತೆಂದು ಟಚ್ ಐಸಿ ಎಂಬ ಚಿಪ್ ಸತತ ಅಳೆಯುತ್ತಿರುತ್ತದೆ. ಬೆರಳು ಸಮೀಪಿಸಿದಾಗ ವಿದ್ಯುತ್ ಕ್ಷೇತ್ರದ ಒಂದು ಪಾಲನ್ನು ದೇಹ ಎಳೆದುಕೊಳ್ಳುತ್ತದೆ. ಎಲ್ಲಿ ಸಂಕೇತ ಕುಗ್ಗಿತೋ ಅಲ್ಲಿ ಬೆರಳಿದೆ ಎಂದು ಲೆಕ್ಕ.

ಗಾಜಿನ ಮೇಲೆ ಒಂಟಿಯಾಗಿ ಕೂತ ಮಳೆಹನಿ ಇದಕ್ಕೆ ವಿರುದ್ಧವಾಗಿ ಸಂಕೇತವನ್ನು ಹೆಚ್ಚಿಸುತ್ತದೆ. ಐಸಿ ಅದನ್ನು ಬೆರಳಲ್ಲವೆಂದು ಗುರುತಿಸಬಲ್ಲದು. ತೊಂದರೆ ಶುರುವಾಗುವುದು ಹನಿಗಳು ಕೂಡಿ ಹರಡಿ, ಬೆರಳನ್ನೋ ಅಂಗೈಯನ್ನೋ ಮುಟ್ಟಿದಾಗ. ಆಗ ಆ ನೀರಿನ ಹರವಿಡೀ ಒಂದು ದೊಡ್ಡ ಬೆರಳಿನಂತೆ ಕಾಣುತ್ತದೆ. ಬೆವರಿನಲ್ಲೂ ಸಮುದ್ರದ ನೀರಿನಲ್ಲೂ ಉಪ್ಪು ಇರುವುದರಿಂದ ವಿದ್ಯುತ್ ಇನ್ನೂ ಸುಲಭವಾಗಿ ಹರಿಯುತ್ತದೆ, ಗೊಂದಲವೂ ಹೆಚ್ಚು. ದಕ್ಕೆಯಲ್ಲಿ ಮೀನು ಮುಟ್ಟಿದ ಕೈಯಲ್ಲಿ ಯುಪಿಐ ಪಿನ್ ಒತ್ತುವವರಿಗೆ ಇದು ದಿನನಿತ್ಯದ ಪಾಡು. ಒದ್ದೆ ಕೈಗಾಗಿ ಟಚ್ ಲೆಕ್ಕಾಚಾರವನ್ನು ತಿದ್ದಿದ ಫೋನುಗಳು ಈಗ ಮಧ್ಯಮ ಬೆಲೆಯಲ್ಲೂ ಉಂಟು. ನಮ್ಮ ಊರಿನಲ್ಲಿ ಆ ಸೌಲಭ್ಯಕ್ಕೆ 120 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆಗಿಂತ ಹೆಚ್ಚು ಬೆಲೆ ಕೊಡಬಹುದು. ಅಂಗಡಿಯಲ್ಲೇ ಬೆರಳನ್ನು ನೀರಲ್ಲಿ ಅದ್ದಿ ನಾಲ್ಕು ಸಾಲು ಟೈಪ್ ಮಾಡಿ ನೋಡಿ.

ಗ್ಲೌಸ್ ಮೋಡ್ ಅಥವಾ ‘ಟಚ್ ಸೆನ್ಸಿಟಿವಿಟಿ’ ಆಯ್ಕೆ ಇದ್ದರೆ ಮಳೆಗಾಲದಲ್ಲಿ ಆಫ್ ಇರಲಿ. ಅದು ಸಣ್ಣ ಬದಲಾವಣೆಯನ್ನೂ ಸ್ಪರ್ಶವೆಂದು ಎಣಿಸುತ್ತದೆ, ನೀರಿಗೆ ಇನ್ನಷ್ಟು ಬೇಗ ಮೋಸಹೋಗುತ್ತದೆ. ದಪ್ಪ ಟೆಂಪರ್ಡ್ ಗಾಜು ಅಂಟಿಸಿ ಟಚ್ ಮಂದವಾಗಿದ್ದರೆ ಮಾತ್ರ ಆನ್ ಮಾಡಿ.

ಚಾರ್ಜಿಗೆ ಹಾಕಿದಾಗ ಮಾತ್ರ ಪರದೆ ತಾನಾಗಿ ಒತ್ತಿಕೊಳ್ಳುವುದು ಇನ್ನೊಂದು ಸಾಮಾನ್ಯ ದೂರು. ಇಲ್ಲಿ ಪರದೆಗಿಂತ ಮೊದಲು ಚಾರ್ಜರನ್ನು ಅನುಮಾನಿಸಬೇಕು. ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲ ಫೋನಿನೊಳಗೆ ಬಂದು ಟಚ್ ಐಸಿಯ ಅಳತೆಯಲ್ಲಿ ಬೆರೆಯುತ್ತದೆ. ಕೇಬಲ್ ಕಿತ್ತಾಗ ಸರಿಯಾದರೆ ಡಿಸ್‌ಪ್ಲೇ ಬದಲಿಸಲು ಹಣ ಸುರಿಯಬೇಡಿ, ಚಾರ್ಜರ್ ಬದಲಿಸಿ.

ಎಲ್‌ಸಿಡಿಯೋ ಅಮೋಲೆಡ್ಡೋ

ಎಲ್‌ಸಿಡಿಯ ಹಿಂದೆ ಸದಾ ಉರಿಯುವ ಬಿಳಿ ದೀಪ ಇರುತ್ತದೆ. ಮುಂದಿನ ದ್ರವ ಸ್ಫಟಿಕಗಳು ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚಿ ಬೆಳಕನ್ನು ಬಿಡುತ್ತವೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಕತ್ತಲೆ ಕೋಣೆಯಲ್ಲಿ ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ. ಅಮೋಲೆಡ್‌ನಲ್ಲಿ ಪ್ರತಿ ಪಿಕ್ಸೆಲ್ (ಚಿತ್ರದ ಚುಕ್ಕಿ) ತಾನೇ ಬೆಳಗುತ್ತದೆ. ಕಪ್ಪು ಬೇಕಾದಲ್ಲಿ ಆರಿಬಿಡುತ್ತದೆ, ಹಾಗಾಗಿ ಡಾರ್ಕ್ ಮೋಡ್‌ನಲ್ಲಿ ಬ್ಯಾಟರಿ ಉಳಿಯುವುದು ಅಮೋಲೆಡ್‌ನಲ್ಲಿ ಮಾತ್ರ.

ಅಮೋಲೆಡ್ಡೇ ಎಲ್ಲರಿಗೂ ಒಳ್ಳೆಯದು ಎನ್ನುವಂತಿಲ್ಲ. ಅದರ ಪಿಕ್ಸೆಲ್‌ಗಳು ಸಾವಯವ ವಸ್ತು, ಉರಿದಷ್ಟೂ ಸವೆಯುತ್ತವೆ. ನೀಲಿ ಎಲ್ಲಕ್ಕಿಂತ ಬೇಗ. ಒಂದೇ ಚಿತ್ರ ಪೂರ್ಣ ಬೆಳಕಿನಲ್ಲಿ ದಿನವೂ ತಾಸುಗಟ್ಟಲೆ ನಿಂತರೆ ಕ್ರಮೇಣ ಅದರ ನೆರಳು ಅಳಿಯದೆ ಉಳಿಯುತ್ತದೆ, ಇದೇ ಬರ್ನ್-ಇನ್. ರಿಕ್ಷಾದ ಹ್ಯಾಂಡಲಿಗೆ ಕಟ್ಟಿ ದಿನವಿಡೀ ಮ್ಯಾಪ್ ತೆರೆದಿಡುವವರು, ಅಂಗಡಿಯ ಮೇಜಿನಲ್ಲಿ ಕ್ಯೂಆರ್ ಕೋಡ್ ಹೊತ್ತಿಸಿಯೇ ಇಡುವವರು ಒಳ್ಳೆಯ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ ಬಗೆಯ) ಎಲ್‌ಸಿಡಿ ಕೊಳ್ಳುವುದೇ ಜಾಣತನ.

ಇನ್ನೊಂದು, ಮಿನುಗು. ಬೆಳಕು ತಗ್ಗಿಸಲು ಅನೇಕ ಅಮೋಲೆಡ್ ಪ್ಯಾನೆಲ್‌ಗಳು ಪಿಕ್ಸೆಲ್‌ಗಳನ್ನು ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಇದಕ್ಕೆ ಪಿಡಬ್ಲ್ಯೂಎಂ ಎನ್ನುತ್ತಾರೆ. ಸೆಕೆಂಡಿಗೆ 240 ಸಲದಂತಹ ಕಡಿಮೆ ವೇಗವಾದರೆ ರಾತ್ರಿ ಓದುವ ಕೆಲವರಿಗೆ ಕಣ್ಣುರಿ, ತಲೆನೋವು. 1,920 ಅಥವಾ 3,840 ಹರ್ಟ್ಸ್ ಎಂದಿದ್ದರೆ ತ್ರಾಸ ಕಡಿಮೆ. ಪರೀಕ್ಷೆ ಸುಲಭ: ಬ್ರೈಟ್‌ನೆಸ್ ಕಾಲುಭಾಗಕ್ಕೆ ಇಳಿಸಿ, ಇನ್ನೊಂದು ಫೋನಿನ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/2000ಕ್ಕೆ ಇಟ್ಟು ಬಿಳಿ ಪುಟವನ್ನು ನೋಡಿ. ದಪ್ಪ ಕಪ್ಪು ಪಟ್ಟಿಗಳು ಓಡಿದರೆ ವೇಗ ಕಡಿಮೆ. ಪಟ್ಟಿ ಸಣ್ಣದಾಗಿ ಒತ್ತೊತ್ತಾಗಿದ್ದಷ್ಟೂ ವೇಗ ಹೆಚ್ಚು.

ನಿಟ್ಸ್: ಮೂರು ಅಂಕಿ, ಒಂದೇ ಹೆಸರು

ಪರದೆಯ ಬೆಳಕನ್ನು ಅಳೆಯುವುದು ನಿಟ್ಸ್‌ನಲ್ಲಿ. ಈ ಅಳತೆಯಲ್ಲಿ ಜಾಹೀರಾತು ಹೆಚ್ಚು ದಾರಿ ತಪ್ಪಿಸುತ್ತದೆ. ‘ಟಿಪಿಕಲ್’ ಎಂದರೆ ನೀವು ಕೈಯಿಂದ ಸ್ಲೈಡರ್ ಪೂರ್ತಿ ಎಳೆದಾಗ ಸಿಗುವುದು. ‘ಎಚ್‌ಬಿಎಂ’ (ಹೈ ಬ್ರೈಟ್‌ನೆಸ್ ಮೋಡ್) ಬಿಸಿಲು ಬಿದ್ದಾಗ ಇಡೀ ಪರದೆ ಕೊಡಬಲ್ಲ ಬೆಳಕು. ‘ಪೀಕ್’ ಎಂಬುದು ಪರದೆಯ ಒಂದು ಸಣ್ಣ ಭಾಗ ಮಾತ್ರ, ಎಚ್‌ಡಿಆರ್ (ಬೆಳಕು-ನೆರಳಿನ ಅಂತರ ಹೆಚ್ಚಿರುವ) ವೀಡಿಯೊದಲ್ಲಿ, ಸ್ವಲ್ಪ ಹೊತ್ತು ಮುಟ್ಟುವ ತುದಿ. ಪೆಟ್ಟಿಗೆಯ ಮೇಲೆ 4,500 ಎಂದಿದ್ದರೆ ಅದು ಈ ಮೂರನೆಯದು. ಕಡಲತೀರದಲ್ಲಿ ಓದಲು ಆಗುವುದು ಎರಡನೆಯದು, ಅಂಗಡಿಯವರಲ್ಲಿ ಅದನ್ನೇ ಕೇಳಿ. ಸಾವಿರ ನಿಟ್ಸ್ ದಾಟಿದ ಎಚ್‌ಬಿಎಂ ಇದ್ದರೆ ನಮ್ಮ ಬಿಸಿಲಿಗೆ ತಡೆಯುತ್ತದೆ. 450–500ರ ಎಲ್‌ಸಿಡಿಯನ್ನು ಕೈಯಿಂದ ನೆರಳು ಮಾಡಿಯೇ ಓದಬೇಕಾದೀತು. ಹೆಚ್ಚಿನ ಫೋನುಗಳಲ್ಲಿ ಆಟೋ ಬ್ರೈಟ್‌ನೆಸ್ ಆನ್ ಇಲ್ಲದಿದ್ದರೆ ಎಚ್‌ಬಿಎಂ ಏಳುವುದೇ ಇಲ್ಲ, ಇದನ್ನು ತಿಳಿಯದೆ ಫೋನನ್ನು ದೂರುವವರು ಬಹಳ. ಬಿಸಿಲಲ್ಲಿ ಫೋನು ಕಾದರೆ ರಕ್ಷಣೆಗಾಗಿ ತಾನೇ ಬೆಳಕು ಇಳಿಸುತ್ತದೆ, ಅದು ದೋಷವಲ್ಲ. ಹಂಪನಕಟ್ಟೆಯ ಅಂಗಡಿಯ ದೀಪದಡಿ ಇದ್ಯಾವುದೂ ಗೊತ್ತಾಗುವುದಿಲ್ಲ. ಡೆಮೊ ಫೋನನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಲು ಕೇಳಲೇಬೇಕು.

ಪಿಪಿಐ ಮತ್ತು ಹರ್ಟ್ಸ್

ಇವೆರಡು ಬೇಗ ಮುಗಿಯುತ್ತವೆ. ಉದ್ದ ಮತ್ತು ಅಗಲದ ಪಿಕ್ಸೆಲ್‌ಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಪರದೆಯ ಕರ್ಣದ ಇಂಚಿನಿಂದ ಭಾಗಿಸಿದರೆ ಪಿಪಿಐ, ಅಂದರೆ ಒಂದು ಇಂಚಿನಲ್ಲಿರುವ ಪಿಕ್ಸೆಲ್‌ಗಳ ಎಣಿಕೆ. 6.5 ಇಂಚಿನಲ್ಲಿ 1080×2400 ಇದ್ದರೆ ಸುಮಾರು 405, 720×1600 ಇದ್ದರೆ ಸುಮಾರು 270. ಎರಡನೆಯದರಲ್ಲಿ ಸಣ್ಣ ಕನ್ನಡ ಅಕ್ಷರದ ಒತ್ತು, ಕೊಂಬುಗಳು ಮಸುಕಾಗುತ್ತವೆ. ಪಿಡಿಎಫ್ ಓದುವ ವಿದ್ಯಾರ್ಥಿಗಳು ಇದನ್ನು ತಪ್ಪಿಸಲಿ. 60 ಹರ್ಟ್ಸ್‌ನಲ್ಲಿ ಚಿತ್ರ 16.7 ಮಿಲಿಸೆಕೆಂಡಿಗೊಮ್ಮೆ ಬದಲಾದರೆ 120ರಲ್ಲಿ 8.3ಕ್ಕೊಮ್ಮೆ. ಪ್ರೊಸೆಸರ್ ದುರ್ಬಲವಾಗಿದ್ದರೆ ಆ 120 ಹೆಸರಿಗೆ ಮಾತ್ರ. ಟಚ್ ಸ್ಯಾಂಪ್ಲಿಂಗ್ ಎಂದು ಬರೆದಿರುವ 240 ಹರ್ಟ್ಸ್ ಬೆರಳನ್ನು ಎಷ್ಟು ಸಲ ಓದುತ್ತದೆ ಎಂಬುದು, ಚಿತ್ರದ ವೇಗವಲ್ಲ.

ಹೊಯ್ಗೆ ಮತ್ತು ಗಾಜು

ಫೋನಿನ ಗಾಜನ್ನು ಪೊಟ್ಯಾಸಿಯಂ ಲವಣದ ಬಿಸಿ ದ್ರವದಲ್ಲಿ ಮುಳುಗಿಸಿ, ಮೇಲ್ಮೈಯ ಸಣ್ಣ ಸೋಡಿಯಂ ಅಯಾನುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳನ್ನು ತೂರಿಸುತ್ತಾರೆ. ಇದರಿಂದ ಮೇಲ್ಮೈ ಬಿಗಿಯಾಗುತ್ತದೆ, ಫೋನು ಬಿದ್ದರೂ ಗಾಜು ಸುಲಭಕ್ಕೆ ಒಡೆಯುವುದಿಲ್ಲ. ಗೀರಿನ ಮಾತು ಬೇರೆ. ಮೋಸ್ ಗಡಸುತನದ ಮಾಪಕದಲ್ಲಿ ಇಂತಹ ಗಾಜಿಗೆ 6ರಲ್ಲಿ ಗೀರು ಶುರು, 7ರಲ್ಲಿ ಆಳ ಗೀರು. ಹೊಯ್ಗೆಯ ಕ್ವಾರ್ಟ್ಸ್ ಕಣ 7. ಕಡಲತೀರಕ್ಕೆ ಹೋದ ಕಿಸೆಯಲ್ಲೇ ಫೋನು ಇಟ್ಟರೆ ಯಾವ ಹೆಸರಿನ ಗಾಜೂ ಉಳಿಯದು. ಹೊಯ್ಗೆ ತಾಗಿದರೆ ಬಟ್ಟೆಯಿಂದ ಉಜ್ಜಬೇಡಿ, ಮೊದಲು ಊದಿ ಕಣಗಳನ್ನು ಹಾರಿಸಿ. ಸುಮಾರು 0.33 ಮಿ.ಮೀ. ಟೆಂಪರ್ಡ್ ಗಾಜು ಸಾಕು. ಅಂಚು ಬಾಗಿದ ಪರದೆಗೆ ಯುವಿ (ಅತಿನೇರಳೆ) ಬೆಳಕಿಗೆ ಗಟ್ಟಿಯಾಗುವ ಅಂಟಿನ ಗಾಜು ಬೇಕು, ಅಂಟು ಜಾಸ್ತಿಯಾದರೆ ಇಯರ್‌ಪೀಸಿಗೆ ಇಳಿಯುತ್ತದೆ. ಮಟ್ಟಸ ಪರದೆಯೇ ಅಗ್ಗ, ಅನುಕೂಲ.

ಹಳೆಯ ಫೋನು ಕೊಳ್ಳುವಾಗ

ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ‘ಪಾಯಿಂಟರ್ ಲೊಕೇಶನ್’ ಆನ್ ಮಾಡಿ. ಬೆರಳನ್ನು ನಿಧಾನಕ್ಕೆ ಮೇಲಿನಿಂದ ಕೆಳಕ್ಕೆ, ಅಂಚಿನಿಂದ ಅಂಚಿಗೆ ಎಳೆಯಿರಿ. ಗೆರೆ ಒಂದೇ ಜಾಗದಲ್ಲಿ ತುಂಡಾಗುತ್ತಿದ್ದರೆ ಅಲ್ಲಿ ಟಚ್ ಸತ್ತಿದೆ. ಸ್ಯಾಮ್‌ಸಂಗ್‌ನಲ್ಲಿ *#0*#, ಶಿಯೋಮಿಯಲ್ಲಿ *#*#6484#*#* ಡಯಲ್ ಮಾಡಿದರೆ ತಯಾರಕರ ಪರೀಕ್ಷೆಗಳೇ ತೆರೆಯುತ್ತವೆ. ಬೂದು ಮತ್ತು ಬಿಳಿ ಪುಟದಲ್ಲಿ ಹಳೆಯ ಐಕಾನ್‌ಗಳ ನೆರಳು ಹುಡುಕಿ.

ಅಮೋಲೆಡ್ ಫೋನಿಗೆ ಅಗ್ಗದ ಎಲ್‌ಸಿಡಿ ಕಾಂಬೋ (ಗಾಜು, ಟಚ್, ಪ್ಯಾನೆಲ್ ಕೂಡಿದ ಜೋಡಣೆ) ಹಾಕಿ ಮಾರುವುದು ಮಾರುಕಟ್ಟೆಯಲ್ಲಿ ಸಾಮಾನ್ಯ. ಪೂರ್ತಿ ಕಪ್ಪು ಚಿತ್ರ ತೆರೆದು ಕೈಯಿಂದ ಕತ್ತಲು ಮಾಡಿ. ಬೂದು ಬೆಳಕು ಕಂಡರೆ ಪ್ಯಾನೆಲ್ ಬದಲಾಗಿದೆ. ಪರದೆಯೊಳಗಿನ ಫಿಂಗರ್‌ಪ್ರಿಂಟ್ ಕೂಡ ಅದರಲ್ಲಿ ಓಡುವುದಿಲ್ಲ, ಯಾಕೆಂದರೆ ಎಲ್‌ಸಿಡಿಯ ಹಿಂದಿನ ದೀಪದ ಪದರ ಸಂವೇದಕಕ್ಕೆ ಅಡ್ಡ ಬರುತ್ತದೆ.

ರಿಪೇರಿಯ ಖರ್ಚನ್ನು ಕೊಳ್ಳುವ ದಿನವೇ ವಿಚಾರಿಸಿ. ಗಾಜು, ಟಚ್, ಪ್ಯಾನೆಲ್ ಒಂದಕ್ಕೊಂದು ಅಂಟಿರುವುದರಿಂದ ಗಾಜು ಮಾತ್ರ ಒಡೆದರೂ ಸರ್ವಿಸ್ ಸೆಂಟರಿನಲ್ಲಿ ಪೂರ್ತಿ ಕಾಂಬೋ ಬದಲಿಸುತ್ತಾರೆ. ಹೊರಗೆ ಬಿಸಿ ತಟ್ಟೆಯ ಮೇಲಿಟ್ಟು ತಂತಿಯಿಂದ ಗಾಜು ಬಿಡಿಸಿ ಹೊಸದನ್ನು ಅಂಟಿಸುವವರಿದ್ದಾರೆ. ತೆಳುವಾದ ಅಮೋಲೆಡ್ ಆ ಕೆಲಸದಲ್ಲೇ ಹೋಗುವ ಅಪಾಯ ಉಂಟು, ಮೊದಲೇ ಮಾತಾಡಿಕೊಳ್ಳಿ. ಐಪಿ68 (ನೀರು, ಧೂಳಿನಿಂದ ರಕ್ಷಣೆಯ ದರ್ಜೆ) ಎಂದಿದ್ದರೂ ಆ ಪರೀಕ್ಷೆ ಸಿಹಿನೀರಿನದು, ಉಪ್ಪುನೀರಿಗೆ ಅನ್ವಯಿಸದು. ರಿಪೇರಿಗೆಂದು ಒಮ್ಮೆ ತೆರೆದ ಫೋನಿಗೆ ಸುತ್ತಲಿನ ಅಂಟುಪಟ್ಟಿಯನ್ನು ಹೊಸದಾಗಿ ಹಾಕಿಸದಿದ್ದರೆ ಆ ರಕ್ಷಣೆಯೂ ಉಳಿಯುವುದಿಲ್ಲ. ಮಳೆಗಾಲದ ಮೊದಲು ಡಿಸ್‌ಪ್ಲೇ ಬದಲಿಸಿದವರು ಇದನ್ನು ಕೇಳಿ ಹಾಕಿಸಿಕೊಳ್ಳಬೇಕು.