ಲೂಸ್ ಆಗಿ ಬರೆಯೋಕೆ ಹೋದರೆ ಗಲೀಜಾಗುತ್ತೆ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಓದುತ್ತಿದ್ದೇನೆ. ಮನೆ ಕಡೆಯ ತೊಂದರೆಯಿಂದ ಒಂದೂವರೆ ವರ್ಷ ಬ್ರಷ್ ಮುಟ್ಟಿರಲಿಲ್ಲ. ಈಗ ಮತ್ತೆ ಶುರು ಮಾಡಿದ್ದೇನೆ. ಮುಂಚೆ ಫೋಟೊ ಥರ ಬರೆಯುತ್ತಿದ್ದೆ. ಈಗ ಸ್ವಲ್ಪ ಲೂಸ್ ಆಗಿ, ಎಲ್ಲ ವಿವರ ಬಿಡಿಸದೆ ಬರೆಯೋಣ ಅಂದರೆ ಒಂದೋ ಹಳೇ ಥರಾನೇ ಬರುತ್ತದೆ, ಇಲ್ಲ ಗಲೀಜಾಗುತ್ತದೆ. ಕೈ ಸಡಿಲ ಮಾಡಿಕೊಳ್ಳೋದು ಹೇಗೆ?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಕೈಯನ್ನೇ ದೂರುತ್ತಾರೆ. ಪಾಪ, ಕೈ ಏನು ಮಾಡುತ್ತೆ? ಏನನ್ನು ಬಿಡಬೇಕು ಅಂತ ನೀವು ಮೊದಲೇ ಹೇಳದಿದ್ದರೆ ಅದು ಕಂಡದ್ದನ್ನೆಲ್ಲ ಬರೆಯಲು ಹೋಗುತ್ತದೆ.

ನಾನೂ ಮೂರು ವರ್ಷ ಬಿಟ್ಟು ಮತ್ತೆ ಶುರು ಮಾಡಿದವನು. ಮೊದಲ ದಿನವೇ ಶೂರನ ಹಾಗೆ ಗಾಂಧಿ ಬಜಾರಿಗೆ ಹೋಗಿ ಹೂವಿನಮ್ಮನ ಎದುರು ಕೂತೆ. ಬುಟ್ಟಿ ತುಂಬ ಹಳದಿ ಸೇವಂತಿಗೆ. ಎಡಗಡೆಯ ಮೂಲೆಯಿಂದ ಒಂದೊಂದೇ ಹೂವು, ಒಂದೊಂದೇ ಎಸಳು ಬರೆಯುತ್ತಾ ಬಂದೆ. ಬಲಗಡೆಗೆ ಬರುವಷ್ಟರಲ್ಲಿ ಆಯಮ್ಮ ಅರ್ಧ ಬುಟ್ಟಿ ಮಾರಿ ಮುಗಿಸಿದ್ದರು! ಹಾಳೆಯ ಮೇಲೆ ಒಂದು ಕಡೆ ನಲವತ್ತು ಹೂವು, ಇನ್ನೊಂದು ಕಡೆ ಖಾಲಿ ಪೆನ್ಸಿಲ್ ಗೀಟು.

ಮುಂದಿನ ವಾರ ಅಲ್ಲೇ ಕೂತೆ. ಈ ಸಲ ಹತ್ತು ನಿಮಿಷ ಬ್ರಷ್ ಎತ್ತಲೇ ಇಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಹೂವುಗಳೇ ಮಾಯ. ಮೂರು ತುಂಡು ಕಂಡವು: ಬಿಸಿಲು ಬಿದ್ದ ಹಳದಿ, ನೆರಳಿನ ಕಂದು ಹಳದಿ, ಬುಟ್ಟಿ ಅಡಿಯ ಕತ್ತಲು. ಇಡೀ ಗುಡ್ಡೆಗೆ ಒಂದೇ ತೆಳು ವಾಶ್ (ನೀರು ಬೆರೆಸಿದ ಬಣ್ಣದ ಪದರ) ಹಾಕಿದೆ. ಅದು ಒಣಗುವ ಮೊದಲೇ ನೆರಳಿನ ಬಣ್ಣ ಹಾಕಿದೆ. ಆಮೇಲೆ ಬಿಸಿಲು ಮತ್ತು ನೆರಳು ಸೇರುವ ಅಂಚಿನಲ್ಲಿ ಮಾತ್ರ ಎಂಟೊಂಬತ್ತು ಹೂವಿಗೆ ಎಸಳು ಬಿಡಿಸಿದೆ. ಉಳಿದ ಹೂವುಗಳನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಬೇಕಿದ್ದರೆ ನಿಮ್ಮ ಮನೆಯವರಿಗೆ ಇಂಥದ್ದೊಂದು ತೋರಿಸಿ ನೋಡಿ.

ನಿಮ್ಮ ಚಿತ್ರ ಗಲೀಜಾಗುವುದು ಇಲ್ಲೇ ಅಂತ ನನ್ನ ಅನುಮಾನ. ಲೂಸ್ ಅಂದರೆ ಬ್ರಷ್ ಬೀಸುವುದು ಅಂದುಕೊಂಡು ಟೋನ್, ಅಂದರೆ ಬೆಳಕು-ಕತ್ತಲಿನ ಮಟ್ಟ, ಬಿಟ್ಟುಬಿಡುತ್ತೇವೆ. ಗೆರೆ ತಪ್ಪಿದರೂ ನಡೆಯುತ್ತೆ, ಬಣ್ಣ ಬೇರೆಯಾದರೂ ನಡೆಯುತ್ತೆ. ಬೆಳಕು-ಕತ್ತಲು ತಪ್ಪಿದರೆ ಎಲ್ಲ ಕೆಸರು. ಅದಕ್ಕೇ ಶುರು ಮಾಡುವ ಮುಂಚೆ ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕ ಹಾಕಿಕೊಂಡು, ಬರ್ನ್ಟ್ ಅಂಬರ್ (ಗಾಢ ಕಂದು ಬಣ್ಣ) ಒಂದರಲ್ಲೇ ಮೂರು ಟೋನ್ ಇಟ್ಟು ನೋಡಿ. ಐದು ನಿಮಿಷದ ಕೆಲಸ. ಚಿತ್ರದ ಮಧ್ಯೆ ಡೌಟ್ ಬಂದರೆ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ. ಎಲ್ಲ ಒಂದೇ ಬೂದಿ ಬಣ್ಣ ಕಂಡರೆ ಟೋನ್ ತಪ್ಪಿದೆ ಅಂತಲೇ ಅರ್ಥ. ಪಿಜಿ ರೂಮಿನಲ್ಲಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡೋಕೆ ಜಾಗ ಎಲ್ಲಿರುತ್ತೆ? ಆ ಕೆಲಸಕ್ಕೂ ಇದೇ ಫೋಟೊ ಸಾಕು.

ಕೈಗೂ ಸ್ವಲ್ಪ ಕಸರತ್ತು ಬೇಕು, ಇಲ್ಲ ಅನ್ನಲ್ಲ. ಹಳೇ ನ್ಯೂಸ್‌ಪೇಪರ್ ಮೇಲೆ ಚಾರ್ಕೋಲ್‌ನಲ್ಲಿ ಎರಡೆರಡು ನಿಮಿಷದ ಸ್ಕೆಚ್ ಮಾಡಿ. ರದ್ದಿ ಕಾಗದ ಆದ್ದರಿಂದ ಹಾಳಾಗುವ ಭಯ ಇರುವುದಿಲ್ಲ. ಮಣಿಕಟ್ಟು ಅಲ್ಲಾಡಿಸಬೇಡಿ, ಭುಜದಿಂದ ಎಳೆಯಿರಿ. ಮತ್ತೆ ಮತ್ತೆ ಅದೇ ಕೆಲಸ ಮಾಡುವವರನ್ನು ಹುಡುಕಿಕೊಳ್ಳಿ. ಹೂವಿನಮ್ಮ ಮೊಳ ಹಾಕುವಾಗ ಕೈ ಚಾಚಿ ಮೊಣಕೈಗೆ ತರುತ್ತಾರಲ್ಲ, ನಿಮಿಷಕ್ಕೊಂದು ಸಲ ಅದೇ ಭಂಗಿ ವಾಪಸ್ ಬರುತ್ತದೆ. ಇಸ್ತ್ರಿ ಗಾಡಿಯವರೂ ಅಷ್ಟೆ. ಬಿಟ್ಟದ್ದನ್ನು ಮುಂದಿನ ಸಲ ಹಿಡಿಯಬಹುದು.

ಪೇಂಟ್ ಮಾಡುವಾಗ ಒಂದಿಂಚಿನ ಫ್ಲಾಟ್ ಬ್ರಷ್ ಹಿಡಿಯಿರಿ. ಸಣ್ಣ ಬ್ರಷ್‌ಗಳು ಕೊನೆಯ ಹತ್ತು ನಿಮಿಷದವರೆಗೆ ಚೀಲದಲ್ಲೇ ಇರಲಿ. ವಾಟರ್ ಕಲರ್ ಆದರೆ ಪೇಪರ್‌ಗೆ ಮಾತ್ರ ಜಿಪುಣತನ ಬೇಡ. ತೆಳು ಹಾಳೆ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ತಡೆಯುತ್ತದೆ. ಫುಲ್ ಶೀಟ್ 22x30 ಇಂಚು, ನಾಲ್ಕು ತುಂಡು ಮಾಡಿಕೊಂಡರೆ ಖರ್ಚು ಹಗುರ. ಒದ್ದೆ ಹಾಳೆಯ ಹೊಳಪು ಹೋಗುವ ಹೊತ್ತಿಗೆ ಗಟ್ಟಿ ಬಣ್ಣ ಇಟ್ಟರೆ ಅಂಚು ಮೆತ್ತಗೆ ಹರಡುತ್ತದೆ. ಅದೇ ಹೊತ್ತಿಗೆ ನೀರು ಜಾಸ್ತಿಯ ಬ್ರಷ್ ಇಟ್ಟಿರೋ, ಹೂಕೋಸಿನಂಥ ಕಲೆ ಏಳುತ್ತದೆ. ನಮ್ಮೂರಲ್ಲಿ ಏಪ್ರಿಲ್ ಮಧ್ಯಾಹ್ನ ಈ ಹೊತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಜುಲೈ ಜಡಿಮಳೆಯಲ್ಲಿ ಕಾಫಿ ಕುಡಿದು ಬಂದರೂ ಹಾಳೆ ಒದ್ದೆಯಾಗಿಯೇ ಇರುತ್ತದೆ.

ಬಿಟ್ಟ ವರ್ಷಗಳ ಬಗ್ಗೆ ಜಾಸ್ತಿ ಕೊರಗಬೇಡಿ. ರುಮಾಲೆ ಚನ್ನಬಸವಯ್ಯ (1910–1988) ಸ್ವಾತಂತ್ರ್ಯ ಚಳವಳಿಗೆ ಇಳಿದು ಚಿತ್ರಕಲೆಯ ಓದು ಬಿಟ್ಟವರು. ಪೂರ್ತಿಯಾಗಿ ಚಿತ್ರಕ್ಕೆ ಮರಳಿದ್ದು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಜಾಗಕ್ಕೇ ಹೋಗಿ ಬರೆದರು. ಅವರ ಮರ ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಬರೆಗಳು, ದೂರ ನಿಂತರೆ ಬಿಸಿಲು. ಹಾಗಂತ ಸೂಕ್ಷ್ಮವಾಗಿ ಬರೆಯುವುದು ಕೀಳು ಅಂದುಕೊಳ್ಳಬೇಡಿ. ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳಲ್ಲಿ ಬ್ರಷ್ ಗುರುತೇ ಹುಡುಕಬೇಕು, ಆದರೂ ಬೆಟ್ಟದ ಮಂಜು ತಣ್ಣಗೆ ಮುಟ್ಟುತ್ತದೆ. ನಿಮ್ಮ ಫೋಟೊ ಥರದ ಅಭ್ಯಾಸ ಎಲ್ಲೂ ಹೋಗಿಲ್ಲ. ಆ ಎಂಟೊಂಬತ್ತು ಹೂವು ಬಿಡಿಸುವಾಗ ಅದೇ ಬೇಕಾಗುತ್ತದೆ.

ಕಾಲೇಜಿನಲ್ಲಿ ಇದನ್ನು ನೋಡಿ "ಇನ್ನೂ ಮುಗಿದಿಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಬೆಂಕಿಪೊಟ್ಟಣದ ಸ್ಕೆಚ್‌ಗಳನ್ನು ಎಸೆಯದೆ ಚಿತ್ರದ ಜೊತೆ ಇಡಿ. ಏನನ್ನು ಯಾಕೆ ಬಿಟ್ಟಿರಿ ಅಂತ ತೋರಿಸಬಹುದು.

ಕೊನೆಗೆ, ನೀವು ಕೇಳದಿದ್ದರೂ ಒಂದು ಮಾತು. ಒಂದೂವರೆ ವರ್ಷದಲ್ಲಿ ನಿಮ್ಮ ಟ್ಯೂಬ್‌ಗಳು ಕಲ್ಲಾಗಿರುತ್ತವೆ ಅಲ್ವಾ? ವಾಟರ್ ಕಲರ್ ಆಗಿದ್ದರೆ ಬಿಸಾಡಬೇಡಿ. ಟ್ಯೂಬ್ ಉದ್ದಕ್ಕೆ ಸೀಳಿ, ಬಣ್ಣದ ತುಂಡನ್ನು ಪ್ಯಾಲೆಟ್‌ಗೆ ಹಾಕಿ ನಾಲ್ಕು ಹನಿ ನೀರು ಬಿಡಿ, ಕರಗುತ್ತದೆ. ಅಕ್ರಿಲಿಕ್ ಆದರೆ ಕಷ್ಟ. ಅದು ಒಣಗಿತೆಂದರೆ ಪ್ಲಾಸ್ಟಿಕ್ಕೇ, ಹೊಸದು ತನ್ನಿ.