ಗಟ್ಟಿ ಇರುವಾಗಲೇ ಗುಜರಿಗೆ

ಕಳೆದ ಸುಗ್ಗಿಯಲ್ಲಿ ನಮ್ಮ ಕಾಕಾನ ಟ್ರ್ಯಾಲಿ ಕಲಬುರಗಿ ಗಂಜ್ ಮುಟ್ಟಲು ಇನ್ನೂ ಮೂರು ಕಿಲೋಮೀಟರ್ ಇರುವಾಗ ರಸ್ತೆ ಮೇಲೇ ಕೂತುಬಿಟ್ಟಿತು. ಆಕ್ಸಲ್ ಮುರಿದಿತ್ತು. ತೊಗರಿ ಚೀಲಗಳನ್ನು ಬೇರೆ ಗಾಡಿಗೆ ಹಾಕಿ ಕಳಿಸಿದೆವು. ಮುರಿದ ತುಂಡು ಹೊತ್ತುಕೊಂಡು ಹುಮನಾಬಾದ್ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೋದೆವು. ಕಾಕಾಂದು ದಾರಿಯುದ್ದಕ್ಕೂ ಒಂದೇ ಮಾತು: "ನಿನ್ನಿ ತನಾ ಚಲೋ ಇತ್ತಲ್ಲೋ ತಮ್ಮಾ, ಒಮ್ಮಿಂದೊಮ್ಮಿಗೆ ಹ್ಯಾಂಗ್ ಮುರೀತು?"

ಅಂಗಡಿಯ ಉಸ್ತಾದ್ ತುಂಡನ್ನು ಬಿಸಿಲಿಗೆ ಹಿಡಿದರು. "ಇದು ಇವತ್ತು ಮುರಿದಿದ್ದಲ್ರೀ. ಇಲ್ಲಿ ನೋಡ್ರಿ."

ಮುರಿದ ಮುಖದ ಮುಕ್ಕಾಲು ಭಾಗ ಮಂಕಾಗಿ, ನುಣ್ಣಗೆ ಇತ್ತು. ಅದರ ಮೇಲೆ ಒಂದರ ಹಿಂದೆ ಒಂದು ಬಾಗಿದ ಗೆರೆಗಳು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಂತೆಲ್ಲ ದಂಡೆಯ ಮಣ್ಣಿನಲ್ಲಿ ಗೆರೆ ಉಳಿಯುತ್ತದಲ್ಲ, ಥೇಟ್ ಹಾಗೆ. ಎಲ್ಲ ಗೆರೆಗಳೂ ಅಂಚಿನ ಒಂದೇ ಜಾಗದ ಸುತ್ತ ಇದ್ದವು. ಅಲ್ಲೊಂದು ಹಳೆಯ ವೆಲ್ಡಿಂಗ್ ಕಚ್ಚು ಇತ್ತು. ಉಳಿದ ಕಾಲು ಭಾಗ ಮಾತ್ರ ಹರಳು ಸಕ್ಕರೆಯಂತೆ ಮಿನುಗುತ್ತಿತ್ತು. ಆವತ್ತು ಮುರಿದದ್ದು ಅಷ್ಟೇ. ಮಿಕ್ಕಿದ್ದು ಎಷ್ಟೋ ತಿಂಗಳಿಂದ ಒಳಗೊಳಗೇ ಸೀಳುತ್ತಾ ಬಂದಿತ್ತು.

ಎಂಜಿನಿಯರುಗಳು ಇದನ್ನು ಲೋಹದ ದಣಿವು ಅನ್ನುತ್ತಾರೆ. ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟುವ ತಂತಿಯನ್ನು ಕಟರ್ ಇಲ್ಲದಾಗ ಏನು ಮಾಡುತ್ತಾರೆ? ಆ ಕಡೆ ಈ ಕಡೆ ನಾಲ್ಕಾರು ಸಲ ಬಗ್ಗಿಸುತ್ತಾರೆ, ಪಟ್ ಅಂತ ತುಂಡಾಗುತ್ತದೆ. ಎಳೆದು ಕಡಿಯಲು ಹೋದರೆ ಕೈ ಕೊಯ್ಯುತ್ತದೆಯೇ ಹೊರತು ತಂತಿ ಹರಿಯುವುದಿಲ್ಲ. ಒಂದೇ ಸಲಕ್ಕೆ ಆರಾಮಾಗಿ ತಡೆಯುವ ಭಾರವೇ ಸಾವಿರಾರು ಸಲ ಬಂದು ಹೋದರೆ ಲೋಹ ಸೋಲುತ್ತದೆ. ಜಗತ್ತಿಗೆ ಈ ಪಾಠ ಸಿಕ್ಕಿದ್ದೂ ಆಕ್ಸಲ್‌ನಿಂದಲೇ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ ಕಡೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಮುರಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ಮುಂದೆ ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ತಿರುಗಿಸಿ, ಬಗ್ಗಿಸಿ, ಎಷ್ಟು ಭಾರಕ್ಕೆ ಎಷ್ಟು ಸುತ್ತು ಬಾಳುತ್ತವೆ ಅಂತ ಲೆಕ್ಕ ಹಾಕಿದ.

ಆ ಲೆಕ್ಕವನ್ನು ಇವತ್ತು ಅತಿ ಕಟ್ಟುನಿಟ್ಟಾಗಿ ಪಾಲಿಸುವ ಜಾಗಗಳಲ್ಲಿ ವಿಮಾನದ ಕಾಲೂ ಒಂದು. ಅಂದರೆ ಲ್ಯಾಂಡಿಂಗ್ ಗೇರ್.

ಶ್ರೀನಿವಾಸ ಸರಡಗಿ ಹತ್ತಿರದ ನಮ್ಮ ಕಲಬುರಗಿ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ರಂದು. ಅಲ್ಲಿಗೆ ಮೊದಲು ಬಂದವು ಎಂಬ್ರೇರ್ 145 ಎಂಬ ಸಣ್ಣ ಜೆಟ್‌ಗಳು. 2020ರ ಫೆಬ್ರವರಿಯಲ್ಲಿ ಬೀದರ್‌ಗೆ ಎಟಿಆರ್ 72 ಎಂಬ ವಿಮಾನ ಬಂತು. ಎರಡೂ ಭರ್ತಿ ತುಂಬಿದಾಗ ಹೆಚ್ಚು ಕಡಿಮೆ 22 ಟನ್ ತೂಗುತ್ತವೆ. ಇಷ್ಟು ಭಾರ ಹೊತ್ತು ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬರುವಾಗ ಚಕ್ರ ತಿರುಗುತ್ತಿರುವುದಿಲ್ಲ. ನೆಲ ಮುಟ್ಟಿದ ಕ್ಷಣ ಟೈರ್ ಉಜ್ಜಿ ಪುಸ್ ಅಂತ ಹೊಗೆ ಬರುತ್ತದೆ. ಆ ಕ್ಷಣದಲ್ಲಿ ಕಾಲು ಹಿಂದಕ್ಕೆ ಬಾಗುತ್ತದೆ. ಚಕ್ರ ವೇಗ ಹಿಡಿದ ಕೂಡಲೇ ಮುಂದಕ್ಕೆ ಚಿಮ್ಮುತ್ತದೆ. ಬಗ್ಗಿಸಿದ ತಂತಿಯ ಕಥೆಯೇ, ಆದರೆ ತಂತಿ ನಮ್ಮ ತೊಡೆಗಾತ್ರದ್ದು.

ಮೇಲಿನಿಂದ ಬರುವ ಪೆಟ್ಟು ಬೇರೆ. ವಿಮಾನ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಕೆಳಗಿಳಿದು ನೆಲಕ್ಕೆ ಬಡಿದರೂ ಕಾಲು ತಡೆಯಬೇಕು ಅಂತ ವಿನ್ಯಾಸದ ನಿಯಮವಿದೆ. ಸುಮ್ನೆ ಲೆಕ್ಕ ಹಾಕಿ ನೋಡಿದೆ. ಇದು ಒಂದು ವಸ್ತುವನ್ನು ಒಂದೂವರೆ ಅಡಿ ಎತ್ತರದಿಂದ ಕೆಳಗೆ ಬಿಟ್ಟ ಹಾಗೆ. ಒಂದೂವರೆ ಅಡಿ ಏನು ಮಹಾ ಅನಿಸಬಹುದು. 22 ಟನ್ ಅನ್ನುವುದನ್ನು ಮರೆಯಬೇಡಿ. ದಿನನಿತ್ಯದ ಲ್ಯಾಂಡಿಂಗ್‌ನಲ್ಲಿ ಪೈಲಟ್ ಇದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ವೇಗದಲ್ಲಿ ಇಳಿಸುತ್ತಾರೆ. ಆಗ ಬೀಳುವ ಎತ್ತರ ಎರಡು ಬೆರಳಿನಷ್ಟು.

ಈ ಪೆಟ್ಟನ್ನು ನುಂಗುವುದು ಸ್ಪ್ರಿಂಗ್ ಅಲ್ಲ. ಸ್ಪ್ರಿಂಗ್ ಹಾಕಿದ್ದರೆ ವಿಮಾನ ಚೆಂಡಿನಂತೆ ಪುಟಿಯುತ್ತಿತ್ತು. ಕಾಲಿನ ಕೊಳವೆಯೊಳಗೆ ಎಣ್ಣೆ ಇರುತ್ತದೆ, ಅದರ ಮೇಲೆ ಒತ್ತಿ ತುಂಬಿದ ನೈಟ್ರೋಜನ್ ಗಾಳಿ. ಕಾಲು ಕುಗ್ಗಿದಾಗ ಎಣ್ಣೆ ಒಂದು ಸಣ್ಣ ರಂಧ್ರದಲ್ಲಿ ನುಗ್ಗಿ ಹೋಗಬೇಕು. ಅಲ್ಲಿ ಪೆಟ್ಟೆಲ್ಲ ಬಿಸಿಯಾಗಿ ಕರಗಿಹೋಗುತ್ತದೆ. ನಮ್ಮ ಬೈಕಿನ ಮುಂದಿನ ಫೋರ್ಕಿನಲ್ಲೂ ಎಣ್ಣೆ ಮಾಡುವ ಕೆಲಸ ಇದೇ. ಕಾಲಿನಲ್ಲಿ ಕನ್ನಡಿಯಂತೆ ಹೊಳೆಯುವ ಭಾಗ ಕಾಣುತ್ತದಲ್ಲ, ಅದು ಕ್ರೋಮ್ ಲೇಪದ ಪಿಸ್ಟನ್. ಅದು ಎಷ್ಟು ಹೊರಗಿದೆ ಅನ್ನುವುದನ್ನು ನೋಡಿಯೇ ಒಳಗಿನ ಗಾಳಿ, ಎಣ್ಣೆ ಸರಿಯಿದೆಯೇ ಅಂತ ಮೊದಲ ಅಂದಾಜು ಮಾಡುತ್ತಾರೆ.

ಈಗ ನನ್ನನ್ನು ತುಂಬಾ ದಿನ ಕಾಡಿದ ವಿಷಯಕ್ಕೆ ಬರುತ್ತೇನೆ. ವಿಮಾನದ ರೆಕ್ಕೆಯಲ್ಲಿ ಬಿರುಕು ಬಂದರೆ ಅದು ಒಮ್ಮೆಲೇ ಅನಾಹುತ ಮಾಡುವುದಿಲ್ಲ. ಬಿರುಕು ನಿಧಾನಕ್ಕೆ ಬೆಳೆಯುತ್ತದೆ, ಅಕ್ಕಪಕ್ಕದ ಭಾಗಗಳು ಭಾರ ಹಂಚಿಕೊಳ್ಳುತ್ತವೆ. ಇಷ್ಟು ಹಾರಾಟಕ್ಕೊಮ್ಮೆ ಹುಡುಕಿದರೆ ಸಾಕು, ದೊಡ್ಡದಾಗುವ ಮೊದಲೇ ಸಿಗುತ್ತದೆ ಅನ್ನುವ ಧೈರ್ಯ ಅಲ್ಲಿದೆ. ಕಾಲಿನಲ್ಲಿ ಆ ಧೈರ್ಯ ಇಲ್ಲ. ಜಾಗ ಕಡಿಮೆ, ಭಾರ ಜಾಸ್ತಿ. ಹಾಗಾಗಿ 300ಎಂ ಥರದ ಅತಿ ಗಟ್ಟಿ ಉಕ್ಕು ಬಳಸುತ್ತಾರೆ. ಮನೆ ಕಟ್ಟಲು ತರುವ ಕಂಬಿಗಿಂತ ಮೂರು ಪಟ್ಟಿಗೂ ಜಾಸ್ತಿ ಎಳೆತ ತಡೆಯುವ ಉಕ್ಕು ಇದು. ಗಟ್ಟಿತನ ಜಾಸ್ತಿಯಾದಷ್ಟೂ ಉಕ್ಕು ಬಿರುಕನ್ನು ಸಹಿಸುವ ಗುಣ ಕಳೆದುಕೊಳ್ಳುತ್ತದೆ. ಒಂದೆರಡು ಮಿಲಿಮೀಟರ್ ಬಿರುಕು ಸಾಕಾಗಬಹುದು. ಕಾಕಾನ ಆಕ್ಸಲ್ ಮುಕ್ಕಾಲು ಸೀಳುವ ತನಕ ಬಾಳಿತು, ಅದು ಮೆತ್ತಗಿನ ಉಕ್ಕು. ವಿಮಾನದ ಕಾಲು ಅಷ್ಟು ಹೊತ್ತು ಕಾಯುವುದಿಲ್ಲ.

ಬಿರುಕು ಹುಡುಕುವುದನ್ನಷ್ಟೇ ನಂಬಿ ಕೂರುವಂತಿಲ್ಲ ಅಂದಮೇಲೆ ಉಳಿದಿರುವುದು ಎಣಿಸುವುದು. ಹೊಸ ವಿನ್ಯಾಸದ ಕಾಲನ್ನು ಪ್ರಯೋಗಾಲಯದ ಚೌಕಟ್ಟಿಗೆ ಕಟ್ಟಿ, ಲ್ಯಾಂಡಿಂಗ್‌ನ ಪೆಟ್ಟು, ಬ್ರೇಕಿನ ಎಳೆತ, ತಿರುಗುವಾಗಿನ ಒದೆತ ಎಲ್ಲವನ್ನೂ ಲಕ್ಷಗಟ್ಟಲೆ ಸಲ ಕೊಡುತ್ತಾರೆ. ಅದು ತಡೆದ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರರಿಂದ ಐದರಲ್ಲಿ ಭಾಗಿಸುತ್ತಾರೆ. ಬಂದದ್ದೇ ಆ ಭಾಗದ ಆಯಸ್ಸು. ಅಷ್ಟು ಲ್ಯಾಂಡಿಂಗ್ ಮುಗಿದ ದಿನ ಭಾಗವನ್ನು ಬಿಚ್ಚಲೇಬೇಕು. ಹೊಳೆಯುತ್ತಿರಲಿ, ಒಂದು ಗೀರೂ ಇಲ್ಲದಿರಲಿ, ಬೆಲೆ ಎಷ್ಟೇ ಇರಲಿ, ಗುಜರಿಗೆ. ಪರೀಕ್ಷೆಯಲ್ಲಿ ಪಾಸಾಯಿತು, ಇನ್ನೊಂದು ವರ್ಷ ಓಡಿಸೋಣ ಅನ್ನುವ ಮಾತೇ ಇಲ್ಲ. ಹರಿದ ಚಪ್ಪಲಿಗೂ ಎರಡು ಸಲ ಹೊಲಿಗೆ ಹಾಕಿಸುವ ನನ್ನಂಥವನಿಗೆ ಇದು ಒಪ್ಪಲು ಕಷ್ಟದ ತರ್ಕ. ಆಕ್ಸಲ್ ತುಂಡು ನೋಡುವ ತನಕ ನಾನೂ ಇದನ್ನು ಕಂಪನಿಗಳ ವ್ಯಾಪಾರದ ಉಪಾಯ ಅಂದುಕೊಂಡಿದ್ದೆ.

ಆಯಸ್ಸು ಮುಗಿಯುವ ಮೊದಲೂ ಕಾಲಿಗೆ ನೆಮ್ಮದಿ ಇಲ್ಲ. ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಅಥವಾ 20,000 ಲ್ಯಾಂಡಿಂಗ್‌ಗೆ, ಯಾವುದು ಮೊದಲೋ ಆಗ, ಇಡೀ ಕಾಲನ್ನು ಬಿಚ್ಚಿ ಓವರ್‌ಹಾಲ್‌ಗೆ ಕಳಿಸುತ್ತಾರೆ. ಎರಡು ಗಡುವು ಏಕೆ? ಲ್ಯಾಂಡಿಂಗ್ ಎಣಿಸುವುದು ದಣಿವಿಗೆ, ವರ್ಷ ಎಣಿಸುವುದು ತುಕ್ಕಿಗೆ. ಕಲಬುರಗಿ–ಬೆಂಗಳೂರಿನಂಥ ತಾಸಿನ ಹಾರಾಟ ಮಾಡುವ ವಿಮಾನ ದಿನಕ್ಕೆ ಆರು ಸಲ ಇಳಿದರೆ ಒಂಬತ್ತು ವರ್ಷ ಕಳೆದು ಎರಡು ತಿಂಗಳೊಳಗೇ 20,000 ದಾಟುತ್ತದೆ. ಸಮುದ್ರ ದಾಟಿ ದಿನಕ್ಕೆ ಎರಡೇ ಸಲ ಇಳಿಯುವ ವಿಮಾನ ಹತ್ತು ವರ್ಷದಲ್ಲಿ 7,300 ಸಲ ಇಳಿದಿರುತ್ತದೆ. ತುಕ್ಕು ಮಾತ್ರ ಎರಡಕ್ಕೂ ಒಂದೇ ರೀತಿ ಕಾಯುತ್ತಿರುತ್ತದೆ. ಬೀದರ್‌ನ ವಾಯುನೆಲೆಯಲ್ಲಿ ಹಾಕ್ ವಿಮಾನಗಳ ಸದ್ದು ಕೇಳಿ ಬೆಳೆದವರಿಗೆ ಗೊತ್ತು, ಕಲಿಯುವ ಪೈಲಟ್‌ಗಳು ನೆಲ ಮುಟ್ಟಿ ಮತ್ತೆ ಎದ್ದು ಹೋಗುತ್ತಾರೆ, ಸುತ್ತಿ ಬಂದು ಮತ್ತೆ ಮುಟ್ಟುತ್ತಾರೆ. ಅಂಥ ವಿಮಾನದ ಕಾಲಿಗೆ ಗಂಟೆಗಳ ಲೆಕ್ಕಕ್ಕಿಂತ ಮುಟ್ಟಿದ ಲೆಕ್ಕ ಮುಖ್ಯ.

ಓವರ್‌ಹಾಲ್‌ನಲ್ಲಿ ಮೊದಲು ಬಣ್ಣ, ಆಮೇಲೆ ಲೇಪ, ಎಲ್ಲ ಕಿತ್ತು ಬರೀ ಉಕ್ಕು ಉಳಿಸುತ್ತಾರೆ. ಅದನ್ನು ಅಯಸ್ಕಾಂತವಾಗಿಸಿ, ಹೊಳೆಯುವ ಬಣ್ಣ ಹಚ್ಚಿದ ಕಬ್ಬಿಣದ ಸಣ್ಣ ಪುಡಿ ಬೆರೆಸಿದ ದ್ರವ ಸುರಿಯುತ್ತಾರೆ. ಬಿರುಕಿದ್ದಲ್ಲಿ ಪುಡಿ ಗುಂಪುಗೂಡುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕು ಹಿಡಿದರೆ ಕೂದಲೆಳೆಯಷ್ಟು ಬಿರುಕೂ ಹಸಿರು ದಾರದಂತೆ ಹೊಳೆಯುತ್ತದೆ. ಸಣ್ಣ ತುಕ್ಕಿನ ಕಲೆ ಇದ್ದರೆ ಮಿತಿಯೊಳಗೆ ಉಜ್ಜಿ ತೆಗೆದು, ಸಣ್ಣ ಉಕ್ಕಿನ ಗುಂಡುಗಳ ಮಳೆ ಸುರಿಸಿ ಮೇಲ್ಮೈಯನ್ನು ಅದುಮುತ್ತಾರೆ. ಅದುಮಿದ ಮೇಲ್ಮೈಯಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ.

ಆಮೇಲೆ ಮತ್ತೆ ಲೇಪ ಹಾಕಬೇಕು. ಅಪಾಯ ಇರುವುದು ಇಲ್ಲೇ. ಲೇಪದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿದಾಗ ಹೈಡ್ರೋಜನ್ ಹುಟ್ಟುತ್ತದೆ. ಅದರ ಪರಮಾಣು ತೀರಾ ಚಿಕ್ಕದು, ಉಕ್ಕಿನೊಳಗೇ ನುಸುಳಿ ಕೂರುತ್ತದೆ. ಗಟ್ಟಿ ಉಕ್ಕನ್ನು ಅದು ಗಾಜಿನಂತೆ ಪೆಡಸು ಮಾಡಿಬಿಡುತ್ತದೆ. ಹೊರಗಿಂದ ನೋಡಿದರೆ ಹೊಚ್ಚಹೊಸ ಭಾಗ, ಭಾರ ಬಿದ್ದ ಕೆಲವು ತಾಸಿಗೋ ಕೆಲವು ದಿನಕ್ಕೋ ತಾನಾಗೇ ಸೀಳಬಹುದು. ಹಾಗಾಗಿ ಲೇಪ ಮುಗಿದ ಕೆಲವೇ ತಾಸಿನೊಳಗೆ ಭಾಗವನ್ನು ಒಲೆಗೆ ಹಾಕಿ, ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ತಾಸು ಬೇಯಿಸುತ್ತಾರೆ. ಹೈಡ್ರೋಜನ್ ನಿಧಾನಕ್ಕೆ ಹೊರಗೆ ಹೋಗುತ್ತದೆ. ಒಂದು ಪೂರ್ತಿ ದಿನದ ಈ ಕಾಯುವಿಕೆಯನ್ನು ಯಾರಾದರೂ ಅವಸರಕ್ಕೆ ಅರ್ಧ ಮಾಡಿದರೆ ಆಮೇಲೆ ಬರಿಗಣ್ಣಿಗೆ ಪತ್ತೆಯಾಗುವುದೇ ಇಲ್ಲ. ಒಲೆಯ ತಾಪಮಾನದ ದಾಖಲೆ ಕೇಳುವುದು ಇದಕ್ಕೇ.

ಇಷ್ಟೆಲ್ಲ ಮಾಡಿದರೂ ಕಣ್ಣು ತಪ್ಪುವ ಜಾಗಗಳು ಇರುತ್ತವೆ. 2007ರ ಸೆಪ್ಟೆಂಬರ್ 9ರಂದು ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಕ್ಯೂ400 ವಿಮಾನ ಇಳಿದಾಗ ಬಲಗಾಲು ಕುಸಿಯಿತು. ಎಂಜಿನ್ ಮುಂದೆ ತಿರುಗುವ ಫ್ಯಾನಿನ ರೆಕ್ಕೆ ನೆಲಕ್ಕೆ ಬಡಿದು ಚೂರಾಯಿತು. ಮೂರೇ ದಿನಕ್ಕೆ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಅದೇ ಕಂಪನಿಯ ಇನ್ನೊಂದು ಕ್ಯೂ400, ಮತ್ತೆ ಬಲಗಾಲು. ಎರಡರಲ್ಲೂ ಯಾರೂ ಸಾಯಲಿಲ್ಲ. ಬಿಚ್ಚಿ ನೋಡಿದರೆ ಕಾಲನ್ನು ಎಳೆದು ಬಿಡುವ ಹೈಡ್ರಾಲಿಕ್ ದಂಡದ ತುದಿಯ ಬೋಲ್ಟ್ ಕಿತ್ತು ಬಂದಿತ್ತು. ಅದು ಕೂತಿದ್ದ ಆಟೆಗಳೊಳಗೆ, ಅಂದರೆ ತಿರುಪಿನ ಗೆರೆಗಳೊಳಗೆ, ತುಕ್ಕು. ಎರಡು ಭಾಗ ಸೇರಿಸಿ ಬಿಗಿದ ಮೇಲೆ ಆಟೆ ಯಾರಿಗೆ ಕಾಣಬೇಕು? ದಂಡದ ಹಿಡಿತ ತಪ್ಪಿದ ಕಾಲು ದಡಾರನೆ ಕೆಳಗೆ ಬಿದ್ದು ಬೀಗ ಕೂರದಂತೆ ಕೆಡಿಸಿಕೊಂಡಿತ್ತು. 10,000ಕ್ಕೂ ಹೆಚ್ಚು ಸಲ ಇಳಿದ ಕ್ಯೂ400ಗಳನ್ನೆಲ್ಲ ನಿಲ್ಲಿಸಿ ನೋಡಿ ಅಂತ ತಯಾರಕರು ಹೇಳಿದರು. ಅಕ್ಟೋಬರ್ 27ರಂದು ಕೋಪನ್‌ಹೇಗನ್‌ನಲ್ಲಿ ಮೂರನೆಯದು. ಈ ಸಲ ಕಾರಣವೇ ಬೇರೆ, ಒಂದು ರಬ್ಬರ್ ಓ-ರಿಂಗ್ ಇರಬಾರದ ಜಾಗಕ್ಕೆ ಹೋಗಿ ಎಣ್ಣೆಯ ದಾರಿಗೆ ಅಡ್ಡ ಕೂತಿತ್ತು. ಆ ಕಂಪನಿ ತನ್ನ ಕ್ಯೂ400ಗಳನ್ನೆಲ್ಲ ಸೇವೆಯಿಂದಲೇ ತೆಗೆದುಬಿಟ್ಟಿತು.

ಇಂಥ ಘಟನೆ ಆದಾಗ ತಯಾರಕರು ಕಳಿಸುವುದು ಸರ್ವಿಸ್ ಬುಲೆಟಿನ್, ಅಂದರೆ ಸಲಹೆ. ವಿಷಯ ಗಂಭೀರ ಅನಿಸಿದರೆ ನಿಯಂತ್ರಕರು ಅದನ್ನೇ ಏರ್‌ವರ್ದಿನೆಸ್ ಡೈರೆಕ್ಟಿವ್ ಆಗಿ ಹೊರಡಿಸುತ್ತಾರೆ. ಈ ಕೆಲಸದವರು ಅದನ್ನು ಎಡಿ ಅನ್ನುತ್ತಾರೆ. ಅದು ಹುಕುಂ. ಇಷ್ಟು ದಿನದೊಳಗೆ ಅಥವಾ ಇಷ್ಟು ಲ್ಯಾಂಡಿಂಗ್‌ನೊಳಗೆ ಈ ಭಾಗ ನೋಡಿ, ಇಲ್ಲವೇ ಬದಲಿಸಿ ಅಂತ ಇರುತ್ತದೆ. ಪಾಲಿಸದ ವಿಮಾನ ಹಾರುವಂತಿಲ್ಲ. ಎಂಬ್ರೇರ್ ಬ್ರೆಜಿಲ್‌ನದು, ಎಟಿಆರ್ ಯುರೋಪಿನದು. ಅಲ್ಲಿ ಹೊರಟ ಎಡಿಯನ್ನು ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಇಲ್ಲೂ ಕಡ್ಡಾಯ ಮಾಡುತ್ತದೆ.

ಟೈರಿಗೆ ನೈಟ್ರೋಜನ್ನೇ ತುಂಬಬೇಕು ಅನ್ನುವ ನಿಯಮದ ಹಿಂದೆ ಇಂಥದ್ದೇ ಒಂದು ಕಥೆಯಿದೆ. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಒಂದು ಬೋಯಿಂಗ್ 727 ಹೊರಟಾಗ ಬ್ರೇಕ್ ಹಿಡಿದುಕೊಂಡೇ ಇತ್ತು. ಕಾದ ಚಕ್ರ ಹೊಟ್ಟೆಯೊಳಗೆ ಮಡಚಿಕೊಂಡಿತು. ಟೈರಿನಲ್ಲಿ ನೈಟ್ರೋಜನ್ ಬದಲು ಮಾಮೂಲಿ ಗಾಳಿ ಇತ್ತು, ಅದರ ಆಮ್ಲಜನಕ ಬಿಸಿ ರಬ್ಬರಿನ ಆವಿಯ ಜೊತೆ ಸೇರಿ ಟೈರ್ ಸ್ಫೋಟಿಸಿತು. ಇಂಧನದ ಕೊಳವೆ ಹರಿಯಿತು. 167 ಜನ ಹೋದರು. ಮರುವರ್ಷ ಅಮೆರಿಕದಲ್ಲಿ ನೈಟ್ರೋಜನ್ ಕಡ್ಡಾಯವಾಯಿತು.

ಕಲಬುರಗಿಯಲ್ಲಿ ವಿಮಾನ ಹತ್ತಲು ಹೋದಾಗ ಈಗ ನಾನು ಹಾರುವ ಮೊದಲಿನ ಸುತ್ತು ನೋಡುತ್ತೇನೆ. ಪೈಲಟ್ ಒಬ್ಬರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿ ಬಗ್ಗಿ ಕಾಲಿನ ಹತ್ತಿರ ಹೋಗುತ್ತಾರೆ. ಟೈರಿನ ಗೆರೆ ಸವೆದಿದೆಯೇ, ಪಿಸ್ಟನ್ ಎಷ್ಟು ಹೊರಗಿದೆ, ಎಣ್ಣೆ ಜಿನುಗಿದೆಯೇ. ಬ್ರೇಕಿನ ಪಕ್ಕ ಬೆರಳು ತುದಿಯಷ್ಟು ಒಂದು ಪಿನ್ ಇರುತ್ತದೆ. ಬ್ರೇಕ್ ಸವೆದಂತೆ ಅದು ಒಳಗೆ ಹೋಗುತ್ತದೆ. ಅಂಚಿಗೆ ಸಮ ಬಂದರೆ ಬ್ರೇಕ್ ಬದಲಿಸಬೇಕು. ಎಷ್ಟು ಸರಳ ಅಲ್ವಾ? ನಿಂತ ವಿಮಾನದ ಕಾಲು ಮಡಚದಂತೆ ಹಾಕಿದ ಪಿನ್‌ಗೆ ಉದ್ದನೆ ಕೆಂಪು ಪಟ್ಟಿ ಕಟ್ಟಿರುತ್ತಾರೆ, ಮರೆಯದಿರಲಿ ಅಂತ.

ಕೊನೆಗೆ ಗುಜರಿಯ ಮಾತು. ಆಯಸ್ಸು ಮುಗಿದ ಭಾಗವನ್ನು ಸುಮ್ನೆ ಮಾರುವಂತಿಲ್ಲ. ಕತ್ತರಿಸಿ, ಜಜ್ಜಿ, ಮತ್ತೆ ಜೋಡಿಸಲಾಗದಂತೆ ಮಾಡಬೇಕು. ಯಾರೋ ಬಣ್ಣ ಬಳಿದು ಹೊಸದೆಂದು ಮಾರಬಾರದಲ್ಲ. ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಪ್ರತಿ ಭಾಗಕ್ಕೂ ನಂಬರ್ ಇರುತ್ತದೆ, ಹುಟ್ಟಿದ ದಿನದಿಂದ ಎಷ್ಟು ಸಲ ಇಳಿದಿದೆ ಅನ್ನುವ ಕಾಗದ ಇರುತ್ತದೆ. ಕಾಗದ ಕಳೆದುಹೋದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ಬೆಲೆ ಇಲ್ಲ, ಅದೂ ಗುಜರಿಗೆ.

ಉಸ್ತಾದ್‌ಗೆ ಇದನ್ನೆಲ್ಲ ಹೇಳಿದೆ. ಅವರು ಅಷ್ಟೊತ್ತಿಗೆ ಕಾಕಾನ ಆಕ್ಸಲ್‌ನ ಎರಡೂ ತುದಿ ಉಜ್ಜಿ ವೆಲ್ಡಿಂಗ್‌ಗೆ ಸಿದ್ಧ ಮಾಡಿದ್ದರು. ಹೊಸದು ಹಾಕಿಸೋಣ ಅಂದರೆ ಕಾಕಾ ಕೇಳಿರಲಿಲ್ಲ.

"ಚಲೋ ಇದ್ದದ್ದೇ ತೆಗೆದು ಒಗಿತಾರ?" ಉಸ್ತಾದ್ ಕನ್ನಡಕ ಮೇಲೆತ್ತಿ ನಕ್ಕರು. "ಹಂಗಾದ್ರ ನಮ್ಮ ಅಂಗಡಿ ಹ್ಯಾಂಗ್ ನಡೀಬೇಕ್ರೀ?"

ಕನ್ನಡಕ ಇಳಿಸಿ ಕಿಡಿ ಹಾರಿಸತೊಡಗಿದರು. ಕಾಕಾ ಮುಖ ಆಚೆ ತಿರುಗಿಸಿಕೊಂಡು ಎಷ್ಟು ತಗೋತೀರಿ ಅಂತ ರೇಟ್ ಕೇಳುತ್ತಿದ್ದ.